ಅರ್ಧ ಚೆಂಡಿನ ಸೋಲು

"ಹೋಮ್ ಟೀಮಾ, ವಿಸಿಟರ್ಸಾ?"

ಚಿಕ್ಕಮಗಳೂರಿನ ದೊಡ್ಡ ಕಾಲೇಜೊಂದರ ಗೇಟಿನಲ್ಲಿ ಬ್ಯಾಡ್ಜ್ ಹಾಕಿಕೊಂಡಿದ್ದ ವಿದ್ಯಾರ್ಥಿನಿ ಕೇಳಿದಳು. ನಮ್ಮ ಎಸ್ಟೇಟಿನ ಮೇಸ್ತ್ರಿ ಶೇಷಪ್ಪನವರು ಸೊಂಟ ಹಿಡಿದುಕೊಂಡು ಜೀಪಿನಿಂದ ಇಳಿಯುತ್ತಾ, "ಬೆಳಿಗ್ಗೆ ಆರಕ್ಕೆ ಕಳಸ ಬಿಟ್ಟಿದೀವಮ್ಮ. ಹೋಮ್ ಅಲ್ಲ," ಎಂದರು.

ಅವಳು ನಗುತ್ತಾ ಎಡಗಡೆಯ ಮೆಟ್ಟಿಲು ತೋರಿಸಿದಳು. ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಬಲಗಡೆ ಪೂರ್ತಿ ಅವರ ಕಾಲೇಜಿನವರು. ಒಂದು ಸಾಲು ಎಣಿಸಿ, ಸಾಲುಗಳಿಂದ ಗುಣಿಸಿದೆ. ಮುನ್ನೂರರ ಮೇಲೆ. ಎಡಗಡೆ ನಾವು: ಶೇಷಪ್ಪನವರು, ಮೂವರು ಆಟಗಾರ್ತಿಯರ ಅಮ್ಮಂದಿರು, ನಮ್ಮ ಜೀಪಿನ ಡ್ರೈವರ್, ನಾನು. ಒಟ್ಟು ಆರು.

(ಕಾಲೇಜಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಕ್ಯಾಂಟೀನಿನವರು ನಾವು ಕೇಳದೆಯೇ ಎರಡನೇ ಸಲ ಟೀ ಕೊಟ್ಟಿದ್ದಾರೆ.)

ಇದು ನಡೆದು ಮೂರು ವಾರವಾಯಿತು. ಅವತ್ತೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಾ? ಲೆಕ್ಕ ಮುಗಿದಿರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಕೆಲಸ ಗೊತ್ತು. ಹೊಸಬರಿಗಾಗಿ ಇನ್ನೊಮ್ಮೆ: ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ ಹಾಕುವುದು, ಯಾರು ಯಾವ ಕೆಲಸಕ್ಕೆ ಹೋದರು ಎಂದು ಬರೆಯುವುದು, ಸಂಜೆ ಕುಯ್ದು ತಂದ ಹಣ್ಣು ತೂಗುವುದು. ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ. ಎಸ್ಟೇಟಿನ ಪುಸ್ತಕ ಒಂದು, ನನ್ನ ಸ್ವಂತದ್ದು ಇನ್ನೊಂದು. ಸ್ವಂತದ್ದರಲ್ಲಿ ಏನು ಬೇಕಾದರೂ ಇರುತ್ತದೆ. ಉದಾಹರಣೆಗೆ ಆ ದಿನದ ಪ್ರಯಾಣ ಹೀಗಿದೆ: ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ, ಶೇಷಪ್ಪನವರು ಏಳು, ಉಳಿದವರು ತಲಾ ನಾಲ್ಕು. ಮೂಡಿಗೆರೆ ಬರುವ ಮೊದಲು ವಾಂತಿ ಮಾಡಿಕೊಂಡವರು, ಒಬ್ಬರು (ನಾನು).

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಒಂದು ಕಂಬ.

ನಮ್ಮ ಎಸ್ಟೇಟಿನ ಕಣದ ಅಂಚಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಕಂಬ ಇದೆ. ಎಸ್ಟೇಟಿನ ಯಜಮಾನರು, ಅಂದರೆ ನಮ್ಮ ಗೌಡರು, ಮಗಳು ಸ್ಕೂಲಿಗೆ ಹೋಗುತ್ತಿದ್ದಾಗ ನೆಡಿಸಿದ್ದು. ಮಗಳು ಮದುವೆಯಾಗಿ ಸಕಲೇಶಪುರಕ್ಕೆ ಹೋದರು. ಕಂಬ ಉಳಿಯಿತು. ನಮ್ಮ ಕಡೆಯ ಸಣ್ಣ ಕಾಲೇಜಿನಲ್ಲಿ ಹುಡುಗಿಯರ ತಂಡ ಇದೆ, ಕೋರ್ಟ್ ಇಲ್ಲ. ತಂಡದ ಕ್ಯಾಪ್ಟನ್ ಸವಿತಾ ನಮ್ಮ ಎಸ್ಟೇಟಿನಲ್ಲೇ ಕೆಲಸ ಮಾಡುವ ಗಿರಿಜಮ್ಮನ ಮಗಳು. ಅವಳು ಹೋಗಿ ಗೌಡರನ್ನು ಕೇಳಿದಳು. ಗೌಡರು ಹೂಂ ಅಂದರು. ಮಳೆಗಾಲ ಮುಗಿದ ಮೇಲೆ ದಿನಾ ಸಂಜೆ ಎಂಟು ಹುಡುಗಿಯರು ಕಣಕ್ಕೆ ಬರತೊಡಗಿದರು.

ಕಣ ಇರುವುದು ಆಟಕ್ಕಲ್ಲ. ಕುಯ್ಲು ಶುರುವಾದ ಕೂಡಲೇ ಸಿಮೆಂಟಿನ ಮೇಲೆಲ್ಲ ಕಾಫಿ. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದು, ತೊಳೆದು ಒಣಗಿಸುವ ಪಾರ್ಚ್‌ಮೆಂಟ್ ಒಂದು ಕಡೆ. ಹಣ್ಣನ್ನು ಹಾಗೇ ಒಣಗಿಸುವ ಚೆರ್ರಿ ಇನ್ನೊಂದು ಕಡೆ. ನಡುವೆ ಉದ್ದಕ್ಕೂ ಒಂದು ಹಲಗೆ. ಇವೆರಡೂ ಬೆರೆಯಬಾರದು. ಬೆರೆತರೆ ಕೂತು ಒಂದೊಂದೇ ಹೆಕ್ಕಬೇಕು.

ಆಗ ಶೇಷಪ್ಪನವರು ಒಂದು ಕಾನೂನು ಮಾಡಿದರು. (ಅವರಿಗೆ ಆ ಚೆಂಡನ್ನು ಕಂಡರೇ ಆಗುತ್ತಿರಲಿಲ್ಲ.)

"ಆಡಿ, ಬೇಡ ಅನ್ನಲ್ಲ. ಆದ್ರೆ ಚೆಂಡು ನೆಲ ಮುಟ್ಟಬಾರ್ದು. ಕಾಫಿಗೆ ಬಿತ್ತೋ, ಅವತ್ತಿನ ಆಟ ಮುಗೀತು. ಮಿಕ್ಕ ಹೊತ್ತು ಕಾಫಿಗೆ ಕೈಯಾಡಿಸ್ಬೇಕು."

"ಚೆಂಡು ನೆಲಕ್ಕೆ ಬಡೀದೆ ಬ್ಯಾಸ್ಕೆಟ್‌ಬಾಲ್ ಆಡೋದು ಹೇಗೆ ಶೇಷಪ್ಪಣ್ಣ?" ಸವಿತಾ ಕೇಳಿದಳು.

"ಅದು ನಂಗೆ ಹೇಗೆ ಗೊತ್ತು ಮಾರಾಯ್ತಿ. ಕಾಲೇಜಿಗೆ ಹೋಗೋಳು ನೀನು."

ಹುಡುಗಿಯರು ದಾರಿ ಕಂಡುಕೊಂಡರು. ಕಾಫಿಯ ನಡುವೆ ಓಡಾಡಲು ಬಿಟ್ಟ ಸಣ್ಣ ಹಾದಿಗಳಿವೆಯಲ್ಲ, ಅಲ್ಲೊಬ್ಬಳು ಇಲ್ಲೊಬ್ಬಳು ನಿಂತು ಕಾಫಿಯ ಮೇಲಿಂದಲೇ ಚೆಂಡು ದಾಟಿಸುವುದು. ಹಿಡಿಯುವುದು, ಎಸೆಯುವುದು. ಹಿಡಿಯುವುದು, ಎಸೆಯುವುದು. ರಿಂಗಿಗೆ ಹಾಕಿದ ಚೆಂಡು ಕೆಳಗೆ ಬರುವಷ್ಟರಲ್ಲಿ ಒಬ್ಬಳು ಹಾರಿ ಹಿಡಿದಿರಬೇಕು. ಬಿದ್ದದ್ದನ್ನು ಎಣಿಸುವ ಕೆಲಸ ನನಗೆ ಬಂತು. ಮೊದಲನೇ ವಾರ, ದಿನಾ ಆಟ ಶುರುವಾದ ಐದು ನಿಮಿಷಕ್ಕೇ ಬಂದ್. ಮೂರನೇ ವಾರ, ವಾರಕ್ಕೆ ಮೂರು ಸಲ. ಐದನೇ ವಾರ, ಎರಡೇ ಸಲ.

ಆ ಎರಡರಲ್ಲಿ ಒಂದು ಸಾಕಾಯಿತು. ಚೆಂಡು ಹಲಗೆಗೆ ಬಡಿದು, ಹಲಗೆ ಮಗುಚಿ, ಪಾರ್ಚ್‌ಮೆಂಟಿನೊಳಗೆ ಚೆರ್ರಿ ಹೋಯಿತು. ಆರು ಹೆಂಗಸರು ಮಾರನೇ ದಿನ ಮಧ್ಯಾಹ್ನ ಪೂರ್ತಿ ಕೂತು ಹೆಕ್ಕಿದರು. ಅದರಲ್ಲಿ ಗಿರಿಜಮ್ಮನೂ ಒಬ್ಬರು. ಮಗಳು ಎಸೆದ ಚೆಂಡು, ಅಮ್ಮ ಹೆಕ್ಕಿದ ಕಾಫಿ.

ಗೌಡರು ಬಂದು ನೋಡಿದರು. ಕೂಗಾಡಲಿಲ್ಲ. ಸವಿತಾಳನ್ನು ಕರೆದು, "ಚಿಕ್ಕಮಗಳೂರಲ್ಲಿ ಮ್ಯಾಚ್ ಇದೆ ಅಂದಿದ್ಯಲ್ಲ. ಗೆದ್ದು ಬಾ, ಕಂಬ ಇರ್ಲಿ. ಸೋತ್ರೆ ಸೋಮವಾರ ಕೀಳಿಸ್ತೀನಿ. ನಂಗೂ ಕಾಫಿ ಮಾಡ್ಬೇಕಲ್ಲ ಮಗ," ಎಂದರು.

ತಪ್ಪು ಎನ್ನುವುದು ಹೇಗೆ? ಕಣ ಅವರದು, ಕಾಫಿ ಅವರದು. ಆದರೆ ಕಂಬ ಹೋದರೆ ತಂಡವೂ ಹೋಯಿತು. ಎಂಟು ಹುಡುಗಿಯರಿಗೆ ಸುತ್ತಮುತ್ತ ಅದೊಂದೇ ರಿಂಗ್.

ಹೀಗೆ, ಒಂದು ಕಂಬವನ್ನು ಉಳಿಸಿಕೊಳ್ಳಲು ನಾವು ಚಿಕ್ಕಮಗಳೂರಿಗೆ ಹೋದೆವು. ಹುಡುಗಿಯರು ತಮ್ಮ ಮೇಷ್ಟ್ರ ಜೊತೆ ಬಸ್ಸಿನಲ್ಲಿ. ನಾವು ಆರು ಜನ ಗೌಡರ ಜೀಪಿನಲ್ಲಿ. (ಹೌದು, ಜೀಪ್ ಕೊಟ್ಟದ್ದು ಅವರೇ. ಮನುಷ್ಯರನ್ನು ಒಂದೇ ಕಾಲಮ್ಮಿನಲ್ಲಿ ಬರೆಯುವುದು ಕಷ್ಟ.)

ಇಲ್ಲಿ ನನ್ನ ತಪ್ಪು ಒಂದಿದೆ. ಹಿಂದಿನ ದಿನ ಸಂಜೆ ನಾನು ಸವಿತಾಳಿಗೆ ಸಲಹೆ ಕೊಟ್ಟಿದ್ದೆ. ಮೊಬೈಲಿನಲ್ಲಿ ಹನ್ನೊಂದು ವಿಡಿಯೊ ನೋಡಿದ್ದೆ, ಅದೇ ಧೈರ್ಯ. "ಅಲ್ಲಿ ಕಾಫಿ ಇರಲ್ಲ. ದೊಡ್ಡ ಕೋರ್ಟ್. ಎಲ್ಲರ ಹಾಗೆ ಚೆಂಡು ನೆಲಕ್ಕೆ ಬಡೀತಾ ಓಡಿ." ಅವಳು ಪಾಪ, ರೈಟರ್ ಹೇಳಿದ್ದಾರೆ ಎಂದು ತಲೆಯಾಡಿಸಿದಳು.

ಮೊದಲರ್ಧದಲ್ಲಿ ನಮ್ಮವರು ಎಲ್ಲರ ಹಾಗೆ ಆಡಿದರು. ನನ್ನ ಪುಸ್ತಕದ ಪ್ರಕಾರ ಚೆಂಡನ್ನು ನೆಲಕ್ಕೆ ಬಡಿದದ್ದು ನೂರ ಅರವತ್ತೆರಡು ಸಲ. ಹಾಗೆ ಬಡಿಯುತ್ತಿರುವಾಗಲೇ ಅವರು ಕಸಿದುಕೊಂಡದ್ದು ಹತ್ತೊಂಬತ್ತು ಸಲ. ಬಲಗಡೆಯ ಮುನ್ನೂರು ಜನಕ್ಕೆ ಹಬ್ಬ. "ಚೆಂಡು ತಪ್ಪಿಸ್ಕೊಳ್ತು, ಹಗ್ಗ ಕಟ್ರಪ್ಪಾ," ಎಂದೊಬ್ಬ. "ಕಳಸಕ್ಕೆ ಲಾಸ್ಟ್ ಬಸ್ ಎಷ್ಟೊತ್ತಿಗೆ?" ಎಂದು ಇನ್ನೊಬ್ಬ.

ನಮ್ಮ ಆರು ಜನರಲ್ಲಿ ಕೂಗಲು ಬರುತ್ತಿದ್ದದ್ದು ಶೇಷಪ್ಪನವರಿಗೆ ಮಾತ್ರ. ಅವರೂ ಸೊಂಟ ಹಿಡಿದು ಕೂತಿದ್ದರು. ಗಿರಿಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ವಿರಾಮಕ್ಕೆ ಇಪ್ಪತ್ತೆರಡು, ಒಂಬತ್ತು. ಒಂಬತ್ತು ನಮ್ಮದು.

ಹದಿಮೂರು ಹಿಂದೆ. ಮನಸ್ಸಿನಲ್ಲೇ ಕಂಬ ಅರ್ಧ ಕಿತ್ತು ಬಂದಿತ್ತು.

"ಅಲ್ಲ ರೈಟ್ರೇ," ಶೇಷಪ್ಪನವರು ನನ್ನ ಕಡೆ ತಿರುಗಿದರು, "ಇವ್ರು ಯಾಕೆ ಮಾರಾಯ್ರೆ ಚೆಂಡು ನೆಲಕ್ಕೆ ಬಡೀತಿರೋದು? ಕಣದಲ್ಲಿ ಚೆನ್ನಾಗೇ ಆಡ್ತಿದ್ರಲ್ಲ."

"ಇಲ್ಲಿ ಕಾಫಿ ಇಲ್ವಲ್ಲ ಶೇಷಪ್ಪಣ್ಣ."

"ಇಲ್ದಿದ್ರೇನು? ಕೈ ಬೇರೆ ಆಯ್ತಾ?"

ಸಲಹೆ ನನ್ನದು ಎಂದು ಆಗ ಹೇಳಲಿಲ್ಲ. (ಈಗ ಹೇಳುತ್ತಿದ್ದೇನೆ. ಶೇಷಪ್ಪನವರು ಈ ಪತ್ರಿಕೆ ಓದುತ್ತಾರೆ.)

ನಾವೆಲ್ಲ ಎಷ್ಟು ಸಲ ಹೀಗೆ ಮಾಡಿಲ್ಲ? ದೊಡ್ಡ ಊರಿಗೆ ಕಾಲಿಟ್ಟ ಕೂಡಲೇ ನಡಿಗೆ ಬದಲು, ಮಾತು ಬದಲು. ನಾನೇ ಚಿಕ್ಕಮಗಳೂರಿನ ಆಫೀಸಿನ ಕೌಂಟರಿನಲ್ಲಿ ನಿಂತಾಗ ನನ್ನದಲ್ಲದ ಧ್ವನಿಯೊಂದು ಹೊರಗೆ ಬರುತ್ತದೆ. ನಮಗೆ ಚೆನ್ನಾಗಿ ಬರುವ ಕೆಲಸವನ್ನು ಮನೆಯಲ್ಲಿ ಬಿಟ್ಟು, ಅವರಿಗೆ ಚೆನ್ನಾಗಿ ಬರುವುದನ್ನು ಅವರೆದುರೇ ಮಾಡಲು ಹೋಗುತ್ತೇವೆ. ಸೋಲದೆ ಇನ್ನೇನು?

ಶೇಷಪ್ಪನವರು ಎದ್ದು, ಮೆಟ್ಟಿಲಿಳಿದು, ಗೆರೆಯ ತನಕ ಹೋದರು. ನಮ್ಮ ಹುಡುಗಿಯರು ನೀರು ಕುಡಿಯುತ್ತಾ ತಲೆ ತಗ್ಗಿಸಿ ಕೂತಿದ್ದರು. ತೋಟದ ಇಡೀ ಬ್ಲಾಕಿಗೆ ಕೇಳುವ ಹಾಗೆ ಆಳುಗಳನ್ನು ಕರೆಯುವ ಧ್ವನಿ ಅವರದು. ಆ ಧ್ವನಿ ಹೊರಗೆ ಬಂತು.

"ಏ ಸವಿತಾ, ಕಾಫಿ ಹರಡಿದೆ ಕಣೇ. ಇತ್ಲಾಗೆ ಪಾರ್ಚ್‌ಮೆಂಟ್, ಅತ್ಲಾಗೆ ಚೆರ್ರಿ. ಚೆಂಡು ಕೆಳಗೆ ಬಿತ್ತೋ, ಎಲ್ರನ್ನೂ ಕೂರಿಸಿ ಹೆಕ್ಕಿಸ್ತೀನಿ."

ಮುನ್ನೂರು ಜನ ಅವರ ಕಡೆ ತಿರುಗಿದರು. ಏನೂ ಅರ್ಥವಾಗಲಿಲ್ಲ ಅವರಿಗೆ. ನಮ್ಮ ಎಂಟು ಜನಕ್ಕೆ ಅರ್ಥವಾಯಿತು. ಸವಿತಾ ಬಾಯಿಯ ನೀರು ಉಗುಳಿ ನಕ್ಕಳು. ಉಳಿದವರೂ ನಕ್ಕರು. ಅವತ್ತು ಅವರು ನಕ್ಕದ್ದು ಅದೇ ಮೊದಲು.

ದ್ವಿತೀಯಾರ್ಧದ ಬಗ್ಗೆ ನಿಧಾನವಾಗಿ ಬರೆಯಬೇಕೆಂದಿದೆ. ಆದರೆ ಅದು ನಿಧಾನವಾಗಿ ನಡೆಯಲೇ ಇಲ್ಲ.

ಚೆಂಡು ಕೈಯಿಂದ ಕೈಗೆ. ಓಟ ಇಲ್ಲ, ಬಡಿತ ಇಲ್ಲ. ಅವರ ಎತ್ತರದ ಹುಡುಗಿ ನಮ್ಮವಳೊಬ್ಬಳ ಕಡೆ ಬರುವಷ್ಟರಲ್ಲಿ ಚೆಂಡು ಆ ಮೂಲೆಯಲ್ಲಿ. ಆ ಮೂಲೆಗೆ ಓಡುವಷ್ಟರಲ್ಲಿ ರಿಂಗಿನ ಕೆಳಗೆ. ತಪ್ಪಿದ ಚೆಂಡು ಕೆಳಗೆ ಬರುವ ಮೊದಲೇ ನಮ್ಮವಳೊಬ್ಬಳು ಗಾಳಿಯಲ್ಲಿ. ಅಲ್ಲಿ ಇಲ್ಲದ ಕಾಫಿಯನ್ನು ತುಳಿಯದ ಹಾಗೆ ಅವರು ಹೆಜ್ಜೆ ಇಡುತ್ತಿದ್ದರು. ನಾನು ಕಣ್ಣಾರೆ ನೋಡಿದೆ.

"ನೆಲ ಸುಡ್ತಿದ್ಯಾ?" ಎಂದು ಬಲಗಡೆಯಿಂದ ಕೂಗಿದರು. "ಚೆಂಡಿಗೆ ನೋವಾಗುತ್ತಾ?" ಎಂದರು. ಸ್ವಲ್ಪ ಹೊತ್ತಿಗೆ ಆ ಕೂಗೂ ನಿಂತಿತು. ಇಪ್ಪತ್ತೆಂಟು, ಇಪ್ಪತ್ತು. ಮೂವತ್ತೆರಡು, ಇಪ್ಪತ್ತೊಂಬತ್ತು. ಮೂವತ್ತಾರು, ಮೂವತ್ತೈದು. ಕೊನೆಗೆ ಆರು ಸೆಕೆಂಡ್ ಉಳಿದಿದೆ, ಚೆಂಡು ಸವಿತಾಳ ಕೈಯಲ್ಲಿ. ಎಸೆದಳು. ರಿಂಗಿನ ಮೇಲೆ ಒಂದು ಸುತ್ತು ಬಂತು. ಹೊರಗೆ ಬಿತ್ತು.

ಸೋತೆವು. ಒಂದರಲ್ಲಿ.

ದ್ವಿತೀಯಾರ್ಧದಲ್ಲಿ ಮಾತ್ರ ನೋಡಿದರೆ ನಮ್ಮದು ಇಪ್ಪತ್ತಾರು, ಅವರದು ಹದಿನಾಲ್ಕು. ನಮ್ಮವರ ಕೈಯಿಂದ ಚೆಂಡು ನೆಲಕ್ಕೆ ಬಿದ್ದದ್ದು ನಾಲ್ಕೇ ಸಲ. ಮೂರು ಸಲ ಕೂಡಿಸಿ ನೋಡಿದ್ದೇನೆ.

"ಒಂದ್ರಲ್ಲಿ ಅಂದ್ರೆ ಒಂದ್ ಚೆಂಡಾ ರೈಟ್ರೇ?" ಗಿರಿಜಮ್ಮ ಕೇಳಿದರು.

"ಅಷ್ಟೂ ಇಲ್ಲ ಗಿರಿಜಮ್ಮ. ಒಂದ್ ಚೆಂಡು ಒಳಗೆ ಹೋದ್ರೆ ಎರಡು."

"ಹಾಗಾದ್ರೆ ಅರ್ಧ ಚೆಂಡು." ಅವರು ಸೆರಗು ಬಿಚ್ಚಿ ಸರಿಮಾಡಿಕೊಂಡರು. ಎದ್ದು ನಿಂತರು. ಮುನ್ನೂರು ಜನರ ಕಡೆ ತಿರುಗಿ, ಕಾಣುವ ಹಾಗೆ ನಿಂತರು.

ಆಗ ಆ ಕಡೆಯವರು ಚಪ್ಪಾಳೆ ಹೊಡೆದರು. ಮೊದಲು ಹತ್ತಿಪ್ಪತ್ತು ಜನ, ಆಮೇಲೆ ಎಲ್ಲರೂ. (ಇದನ್ನು ಎಣಿಸಲಿಲ್ಲ. ಪೆನ್ ಎಲ್ಲಿತ್ತೋ ಗೊತ್ತಿಲ್ಲ.) ಅವರ ಕಾಲೇಜಿನ ಕೋಚ್ ದಾಟಿ ಬಂದು ನಮ್ಮ ಹುಡುಗಿಯರ ಕೈಕುಲುಕಿ, "ಈ ಪಾಸಿಂಗ್ ನಿಮಗೆ ಕಲಿಸಿದ ಕೋಚ್ ಯಾರು?" ಎಂದು ಕೇಳಿದರು. ಹುಡುಗಿಯರು ಶೇಷಪ್ಪನವರ ಕಡೆ ಕೈ ತೋರಿಸಿದರು. ಅವರು ಸ್ವಲ್ಪ ಹಿಂದೆ ಸರಿದು, "ನಾನು ಕೋಚ್ ಅಲ್ಲ ಸಾರ್, ಮೇಸ್ತ್ರಿ," ಎಂದರು.

ವಾಪಸ್ ಬರುವಾಗ, ಕೊಟ್ಟಿಗೆಹಾರ ದಾಟಿದ ಮೇಲೆ ಶೇಷಪ್ಪನವರು ಒಂದೇ ಮಾತು ಕೇಳಿದರು. "ಸೋಮವಾರ ಅಂದಿದ್ರಲ್ಲ ಗೌಡ್ರು?"

"ಹೌದು."

ಸೋಮವಾರ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಗೌಡರು ಕಣಕ್ಕೆ ಬಂದರು. "ಏನಾಯ್ತು ರೈಟ್ರೇ?"

ನನ್ನ ಸ್ವಂತ ಪುಸ್ತಕ ತೆರೆದೆ. ಒಂದು ಅಂಕಿ ಆಚೀಚೆ ಮಾಡಿದರೆ ಯಾರಿಗೆ ತಿಳಿಯುತ್ತಿತ್ತು? ಆದರೆ ಆ ಪುಸ್ತಕದಲ್ಲಿ ನಾನು ಇವತ್ತಿನವರೆಗೆ ಸುಳ್ಳು ಬರೆದಿಲ್ಲ. "ಒಂದರಲ್ಲಿ ಸೋತ್ವಿ ಗೌಡ್ರೇ."

"ಒಂದೋ ಹತ್ತೋ, ಸೋತಿದ್ದು ಸೋತಿದ್ದೇ. ಶೇಷಪ್ಪ, ಇವತ್ತೇ ಕಂಬ ತೆಗೆಸಿಬಿಡು."

ಶೇಷಪ್ಪನವರು ಪಾರ್ಚ್‌ಮೆಂಟಿಗೆ ಕೈಯಾಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಆಳಿಲ್ಲ ಗೌಡ್ರೇ."

"ನಲವತ್ತೆರಡು ಜನ ನಿಂತಿದ್ದಾರಲ್ಲೋ."

"ಮೂವತ್ತೆಂಟು ಹಣ್ಣಿಗೆ. ಇಬ್ರು ಪಲ್ಪರಿಗೆ. ಇಬ್ರು ಕಣಕ್ಕೆ. ಬೇಕಾದ್ರೆ ರೈಟ್ರನ್ನ ಕೇಳಿ."

"ನಾಳೆ?"

"ನಾಳೆ ಹೊಳೆ ಬದಿ ಬ್ಲಾಕು. ಹಣ್ಣು ಉದುರ್ತಾ ಇದೆ."

"ನಾಡಿದ್ದು?"

"ನಾಡಿದ್ದೂ ಉದುರುತ್ತೆ."

ಗೌಡರು ಅವರನ್ನೇ ನೋಡಿದರು. ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿ. ಯಾವ ಕೆಲಸಕ್ಕೂ ಆಳಿಲ್ಲ ಎಂದವರಲ್ಲ. ಆಳಿಲ್ಲದಾಗಲೂ ಎಲ್ಲಿಂದಲೋ ತಂದವರು. "ಚೆಂಡು ಕಂಡ್ರೆ ಆಗ್ತಿರ್ಲಿಲ್ಲ ನಿಂಗೆ. ಕಂಬದ ಮೇಲೆ ಯಾವಾಗಿಂದ ಪ್ರೀತಿ ಬಂತು ಮಾರಾಯ?"

"ಪ್ರೀತಿ ಎಂತದೂ ಇಲ್ಲ. ಆಳಿಲ್ಲ, ಅಷ್ಟೆ."

ಗೌಡರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಚೆಂಡು ಕಾಫಿಗೆ ಬಿದ್ದ ಲೆಕ್ಕ ನೋಡಿದರು, ಮ್ಯಾಚಿನ ಲೆಕ್ಕ ನೋಡಿದರು. ಕಂಬದ ಕಡೆ ಒಮ್ಮೆ ನೋಡಿದರು. ಪುಸ್ತಕ ವಾಪಸ್ ಕೊಟ್ಟು, "ನಾನು ಆಡಿದ ಮಾತು ಮಾತೇ. ಆಳು ಸಿಕ್ಕಿದ ದಿನ ಕೀಳೋದು. ಬರ್ಕೊಳ್ಳಿ," ಎಂದು ನಡೆದರು. ನಗುತ್ತಿದ್ದರೋ ಇಲ್ಲವೋ, ಬೆನ್ನು ನೋಡಿ ಹೇಳಲಾರೆ.

ಬರೆದುಕೊಂಡೆ. ಅಂದಿನಿಂದ ಪ್ರತಿ ಬೆಳಿಗ್ಗೆ ಎಸ್ಟೇಟಿನ ಪುಸ್ತಕದಲ್ಲಿ ಕೊನೆಯ ಸಾಲು ಅದೇ: ಕಂಬ ಕೀಳುವುದು, ಆಳು ಇಲ್ಲ. ನಿನ್ನೆಗೆ ಹದಿನೆಂಟು ಕೆಲಸದ ದಿನ, ಹದಿನೆಂಟು ಸಾಲು. ಸಂಜೆ ಎಂಟು ಹುಡುಗಿಯರು ಬರುತ್ತಾರೆ. ಶೇಷಪ್ಪನವರ ಕಾನೂನು ಹಾಗೇ ಇದೆ. ಈ ವಾರ ಚೆಂಡು ಕಾಫಿಗೆ ಬಿದ್ದದ್ದು, ಸೊನ್ನೆ.

ಕುಯ್ಲಿನ ಕಾಲ, ಎಸ್ಟೇಟಿಗೆ ಆಳು ಬೇಕೇ ಬೇಕು. ಓದುಗರಲ್ಲಿ ಯಾರಾದರೂ ಬರುವುದಾದರೆ ಖಂಡಿತ ಬನ್ನಿ, ಕಂಬ ಕೀಳಲು ಬರುತ್ತದೆ ಎಂದು ಮಾತ್ರ ಗೌಡರೆದುರು ಹೇಳಬೇಡಿ.