ಸಿಯು-ಕಿಮ್ ಹೊತ್ತ ಹರಕೆ

ಸಿಯು-ಕಿಮ್ ಹರಕೆ ಹೊತ್ತದ್ದು ನಡುಬೀದಿಯಲ್ಲಿ, ಎಲ್ಲರಿಗೂ ಕೇಳುವಂತೆ ಕೂಗಿ. ಗುಟ್ಟಾಗಿ ಹೊತ್ತಿದ್ದರೆ ಗುಟ್ಟಾಗಿ ಮರೆಯಬಹುದಿತ್ತು. ಆದರೆ ಈ ಹೆಂಗಸಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ಮಾರುಕಟ್ಟೆಯಲ್ಲಿ ಮೂಲಂಗಿ ಕಡುಬು ಕೂಗಿ ಮಾರಿದ ಗಂಟಲು ಅದು.

ಭೂಮಿ ನಡುಗಿದ ಮಧ್ಯಾಹ್ನ ಅವಳು ಕಡುಬಿನ ಗಾಡಿಯ ಹತ್ತಿರ ಇದ್ದಳು. ಗಂಡ ಬುನ್-ತೊಂಗ್ ಉಂಡು ಮನೆಯಲ್ಲಿ ಮಲಗಿದ್ದ. ಓಡಿ ಬಂದು ನೋಡಿದರೆ ಅವರಿದ್ದ ಕಟ್ಟಡ ನೆಲಕ್ಕೆ ಕೂತಿತ್ತು. ಆ ರಾಶಿಯ ಒಳಗಿನಿಂದ ನೀರಿನ ಪೈಪಿನ ಮೇಲೆ ಯಾರೋ ಬಡಿಯುವ ಸದ್ದು ಬಂತು. ಯಾರೋ ಏನು, ಅವನೇ ಎಂದುಕೊಂಡಳು.

"ಬುನ್-ತೊಂಗ್, ಬಡೀತಾ ಇರು! ನಿಲ್ಲಿಸ್ಬೇಡ!"

ಸದ್ದು ಮತ್ತೆ ಕೇಳಿತು. ಅವಳು ಬೀದಿಯ ಕೊನೆಯಲ್ಲಿದ್ದ ಮಾಜು ತಾಯಿಯ ಗುಡಿಯತ್ತ ತಿರುಗಿ ಕೈ ಎತ್ತಿದಳು. "ಕಡಲ ತಾಯೀ, ಬಡೀತಾ ಇರೋ ಈ ಜೀವಾನ ಆಚೆ ತಂದ್ಕೊಡು. ನಿನ್ನ ಮುಂದೆ ಗೊಂಬೆಯಾಟ ಆಡಿಸ್ತೀನಿ!"

ಸಂಜೆ ಆಚೆ ಬಂದದ್ದು ಮೇಲಿನ ಮನೆಯ ಮುದುಕ ಹೋಕ್-ಲಾಯ್. ಹೆಂಡತಿ ಹೋದ ಮೇಲೆ ಹೂಕುಂಡಗಳನ್ನೇ ಸಂಸಾರ ಮಾಡಿಕೊಂಡಿದ್ದವನು. ಅವಕ್ಕೆ ಹೊಯ್ದ ನೀರೆಲ್ಲ ಸಿಯು-ಕಿಮ್ ಒಣಹಾಕಿದ ಮೂಲಂಗಿಯ ಮೇಲೆ ಸುರಿದು ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಬುನ್-ತೊಂಗ್‌ನನ್ನು ಮಾರನೆಯ ದಿನ ತೆಗೆದರು. ಕಟ್ಟಡ ಬಿದ್ದಾಗಲೇ ಜೀವ ಹೋಗಿತ್ತಂತೆ. ಅವಳು ಕೂಗುವಾಗ ಕೇಳಿಸಿಕೊಳ್ಳಲು ಅವನು ಇರಲೇ ಇಲ್ಲ.

ಆಮೇಲೆ ಮನೆ ಕಳೆದುಕೊಂಡವರಿಗೆ ಕಟ್ಟಿಕೊಟ್ಟ ತಗಡಿನ ಮನೆಯಲ್ಲಿ ಅವಳೊಬ್ಬಳೇ. ಹಗಲೆಲ್ಲ ಗಿರಾಕಿಗಳ ಜೊತೆ ಜಗಳವಾಡಿ ಬಂದರೂ, ಬಾಗಿಲು ಹಾಕಿಕೊಂಡ ಮೇಲೆ ಬೈಯಲು ಒಬ್ಬ ಮನುಷ್ಯನಿಲ್ಲ. ಅದೇ ಅವಳಿಗೆ ತಡೆಯಲಾಗದ ಸಂಕಟ. ಎದುರು ಸಾಲಿನಲ್ಲೇ ಇದ್ದ ಹೋಕ್-ಲಾಯ್ ಕಂಡಾಗಲೆಲ್ಲ "ಊಟ ಆಯ್ತೇನಮ್ಮಾ?" ಎನ್ನುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಗಂಡ ಹೋಗಿ ಇವನು ಬದುಕಿದ್ದಾನಲ್ಲ ಎಂದು ಅವಳಿಗೆ ಉರಿ.

ವರ್ಷ ಕಳೆದು ಮಾಜು ತಾಯಿಯ ಹುಟ್ಟುಹಬ್ಬ ಹತ್ತಿರವಾಯಿತು. ಉಳಿದವರೆಲ್ಲ ಹರಕೆ ತೀರಿಸತೊಡಗಿದರು. ಗುಡಿ ಗುಡಿಸುವ ಹೆಂಗಸು ಕಡುಬು ಕೊಳ್ಳಲು ಬಂದವಳು ಕೇಳಿಯೇಬಿಟ್ಟಳು.

"ಏನ್ ಅತ್ತಿಗೆ, ಗೊಂಬೆಯಾಟ ಯಾವತ್ತು? ಇಡೀ ಬೀದಿಗೆ ಕೇಳಿಸಿತ್ತಲ್ಲ ನಿನ್ನ ಹರಕೆ."

"ನಾನು ಬೇಡಿದ್ದು ನನ್ನ ಗಂಡನ್ನ. ಅವಳು ಕೊಟ್ಟಿದ್ದು ಆ ಹೂಕುಂಡದ ಮುದುಕನ್ನ. ಮೀನು ಕೇಳಿದ್ರೆ ಮುಳ್ಳು ಕೊಟ್ಟೋಳಿಗೆ ಆಟ ಬೇರೆ ಆಡಿಸ್ಬೇಕಾ?"

"ಅದನ್ನ ನನಗ್ಯಾಕೆ ಹೇಳ್ತೀಯ? ಹೋಗಿ ಅವಳಿಗೇ ಹೇಳು."

ಹೋದಳು. ಧೂಪ ಹಚ್ಚಿ, ಎಸೆದು ದೇವರ ಉತ್ತರ ಕೇಳುವ ಅರ್ಧಚಂದ್ರಾಕಾರದ ಎರಡು ಮರದ ತುಂಡು ಹಿಡಿದು ಗಟ್ಟಿಯಾಗಿ ಕೇಳಿದಳು: "ಬಡೀತಿದ್ದದ್ದು ನನ್ನ ಗಂಡ ಅಲ್ಲ. ಹಾಗಾದ್ರೆ ಈ ಹರಕೆ ನನಗೆ ಅಂಟೋದಿಲ್ಲ, ಅಲ್ವಾ?" ಎಸೆದರೆ ಎರಡೂ ತುಂಡು ಚಪ್ಪಟೆ ಮೈ ಮೇಲಾಗಿ ಬಿದ್ದವು. ತಾಯಿ ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ನಕ್ಕಳು ಎಂದರ್ಥ.

"ನಗ್ತೀಯಾ? ನಗು, ನಗು," ಎಂದು ಸಿಡುಕಿ ಹೊರಬಂದಳು. ಮೆಟ್ಟಿಲ ಮೇಲೆ ಹೋಕ್-ಲಾಯ್ ಕೂತಿದ್ದ. ಅವಳ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು.

"ಅವತ್ತು ನೀನು ಕೂಗಿದ್ದು ನನಗೆ ಕೇಳಿಸ್ತಮ್ಮಾ," ಎಂದ. "ಕರೀತಿರೋದು ನನ್ನನ್ನಲ್ಲ ಅಂತ ಗೊತ್ತಿತ್ತು. ಹೇಳೋಣ ಅಂದ್ರೆ ಬಾಯ್ತುಂಬ ಮಣ್ಣು. ಬಡಿಯೋದು ನಿಲ್ಲಿಸಿದ್ರೆ ನೀನು ಹೊರಟುಹೋಗ್ತೀಯ ಅನ್ನೋ ಭಯ. ಅದಕ್ಕೇ ನಿನ್ನ ಗಂಡನ ಹೆಸರಿಗೆ ನಾನು ಓಗೊಟ್ಟೆ. ತಪ್ಪು ಮಾಡ್ದೆ."

ಸಿಯು-ಕಿಮ್ ಕೆಳಗಿನ ಮೆಟ್ಟಿಲಿಗೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

"ನನ್ನ ಹೆಸರು ಹಿಡಿದು ಕೂಗೋರು ಯಾರೂ ಇರ್ಲಿಲ್ವಲ್ಲಮ್ಮಾ," ಎಂದ ಮುದುಕ.

ಸತ್ತವನನ್ನು ಕೂಗಿದೆ ಎಂದೇ ಅವಳು ವರ್ಷವಿಡೀ ಕೊರಗಿದ್ದಳು. ಒಂದು ಜೀವ ಆ ಕೂಗನ್ನೇ ಹಿಡಿದು ಉಳಿದುಕೊಂಡಿತ್ತು ಎಂದು ಈಗ ತಿಳಿದಾಗ ಅವಳಿಗೆ ದುಃಖ ಒತ್ತರಿಸಿ ಬಂತು. ಅವನ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ಸಮಾಧಾನವೂ ಆಗುತ್ತಿದೆ ಎನಿಸಿ ಅವಳಿಗೆ ತನ್ನ ಮೇಲೆಯೇ ಕೋಪ ಬಂತು.

ಗೊಂಬೆಯಾಟದ ದಿನ ಸುಡುಬಿಸಿಲು. ದೇವರಿಗೆ ಮಾಡಿಸುವ ಆಟಕ್ಕೆ ಜನ ಬರುವುದಿಲ್ಲ; ಗೊಂಬೆಗಳ ಮುಖವೂ ಗುಡಿಯ ಕಡೆಗೇ. ಆಡಿಸುವವನು ಮೈಕು ಸರಿಮಾಡುತ್ತಾ ಕೇಳಿದ, "ಯಾರು ಉಳಿದದ್ದಕ್ಕೆ ಅಂತ ಹೇಳ್ಲಿ ಅತ್ತಿಗೆ?"

ಅವಳು ಮೈಕು ಕಿತ್ತುಕೊಂಡಳು.

"ತಾಯೀ, ಬುನ್-ತೊಂಗ್‌ನ ಯಾಕೆ ಕರ್ಕೊಂಡೆ ಅಂತ ನಾನು ಕೇಳ್ತಾನೇ ಇರ್ತೀನಿ, ಬಿಡೋದಿಲ್ಲ. ಇವತ್ತು ಕೈ ಮುಗೀತಿರೋದು ಹೋಕ್-ಲಾಯ್ ದೊಡ್ಡಪ್ಪ ಬದುಕಿ ಬಂದದ್ದಕ್ಕೆ. ಕೇಳಿಸ್ತಾ? ಹೋಕ್-ಲಾಯ್!"

ಖಾಲಿ ಕುರ್ಚಿಗಳ ನಡುವೆ ಕೂತಿದ್ದ ಮುದುಕ ತನ್ನ ಹೆಸರು ಕೇಳಿದೊಡನೆ ಎದ್ದು ನಿಂತ. ಆಟ ಶುರುವಾದ ಮೇಲೂ ಕೂರಲಿಲ್ಲ.