ನೀಲಿಯಾಗಿಯೇ ಉಳಿದ ಟ್ಯೂಬು

ಮೊನ್ನೆ ಸೊಸೆ ಟ್ರಂಕಿನ ತಳದಿಂದ ಕರಿ ಕಂಬಳಿಯೊಂದನ್ನು ಎಳೆದು ಬಿಸಿಲಿಗೆ ಹಾಕಿದಳು. ನೇಯುವಾಗ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. "ಇಷ್ಟು ಚೆನ್ನಾಗೈತೆ, ಒಂದಿನಾನೂ ಹೊದ್ದಿಲ್ವಲ್ಲ ಮಾವ, ಯಾರು ಕೊಟ್ಟಿದ್ದು?" ಅಂದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

ಎಪ್ಪತ್ತರ ದಶಕದ ಮಾತು. ಚಿತ್ರದುರ್ಗದ ಡಾಕ್ಟರೊಬ್ಬರ ಬಳಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸ ನನ್ನದು. ಹಿರೇಗುಂಟನೂರು ಕಡೆಯ ಹೆಂಗಸೊಬ್ಬಳು ಸಕ್ಕರೆ ಕಾಯಿಲೆಗೆಂದು ತಿಂಗಳಿಗೊಮ್ಮೆ ಬರುತ್ತಿದ್ದಳು. ನಮಗೆಲ್ಲ ಆಕೆ ಕಂಬಳಿಯಮ್ಮ. ಬೆಂಚಿನ ಮೇಲೆ ಕೂತು ಉಣ್ಣೆ ನೂಲುತ್ತಾ ನನ್ನ ಕೈಯ ಗಾಜಿನ ಟ್ಯೂಬನ್ನೇ ನೋಡುವಳು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸಿದರೆ, ಸಕ್ಕರೆ ಇದ್ದಷ್ಟೂ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಆಕೆಯದು ಯಾವಾಗಲೂ ಕೆಂಪೇ. "ಇವತ್ತೂ ಮೋಸ ಮಾಡ್ತು ನೋಡು ಮಗಾ" ಎಂದು ಟ್ಯೂಬಿಗೇ ಬೈಯುವಳು.

ಒಂದು ಸಲ ನೀಲಿ ನೀಲಿಯಾಗಿಯೇ ಉಳಿಯಿತು. ಆಕೆಗಿಂತ ಹೆಚ್ಚು ನಾನೇ ಕುಣಿದೆ. ಚೀಟಿಯಲ್ಲಿ ಡಾಕ್ಟರು ರಕ್ತದ ಯೂರಿಯಾ ನೋಡಲೂ ಬರೆದಿದ್ದರು. ಮೂತ್ರಪಿಂಡ ಕೆಡುತ್ತಿದೆಯೇ ಎಂದು ತಿಳಿಯಲು ಆಗ ನಮಗಿದ್ದ ದಾರಿ ಅದು. ಅರ್ಧ ದಿನದ ಕೆಲಸ. ನನಗೋ ಮ್ಯಾಟಿನಿಗೆ ಹೋಗುವ ಆತುರ. ಸೂಜಿಗೆ ಹೆದರುವ ಆಕೆ ಆಗಲೇ ಬಳೆ ಮೇಲೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ತೋಳು ಚಾಚಿದ್ದಳು.

"ಬ್ಯಾಡ ಬಿಡಮ್ಮ, ಸಕ್ಕರೆನೇ ಇಲ್ಲ. ಇನ್ನೇನ್ ನೋಡಾದೈತೆ?" ಅಂದೆ. ಡಾಕ್ಟರಿಗೆ, ಆಕೆಯೇ ರಕ್ತ ಕೊಡಲು ಒಪ್ಪಲಿಲ್ಲ ಎಂದೆ. ಥೂ, ಎಂಥ ನಾಲಿಗೆ ನನ್ನದು! ಮುಂದಿನ ಸಂತೆಗೆ ಬಂದಾಗ, ತಾನೇ ನೂಲಿದ ಉಣ್ಣೆಯ ಈ ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿ ಹೋದಳು.

ಕಾಯಿಲೆ ಹೋಯಿತೆಂದು ಆಮೇಲೆ ಐದಾರು ತಿಂಗಳು ಡಾಕ್ಟರ ಕಡೆ ತಲೆ ಹಾಕಲಿಲ್ಲ. ಬಂದಾಗ ಮುಖ ಊದಿತ್ತು, ಕಾಲು ಚಪ್ಪಲಿಗೆ ತೂರುತ್ತಿರಲಿಲ್ಲ. ಟ್ಯೂಬು ಆಗಲೂ ನೀಲಿಯೇ. ರಕ್ತದ ಯೂರಿಯಾ ಮಾತ್ರ ವಿಪರೀತ ಏರಿತ್ತು... ನಂಬಲಾಗದೆ ಎರಡು ಸಲ ಮಾಡಿ ನೋಡಿದೆ. ಮೂತ್ರಪಿಂಡ ಕೆಟ್ಟಾಗ ಸಕ್ಕರೆ ಮೂತ್ರಕ್ಕೆ ಇಳಿಯದೆಯೂ ಇರಬಹುದು ಎಂದು ಡಾಕ್ಟರು ಆಮೇಲೆ ಹೇಳಿದರು.

"ಅವತ್ತೇ ರಕ್ತ ಕೊಟ್ಟಿದ್ರೆ ಪಥ್ಯನಾದ್ರೂ ಶುರು ಮಾಡಿಸ್ತಿದ್ನಲ್ಲಮ್ಮ, ಯಾಕೆ ಕೊಡ್ಲಿಲ್ಲ?" ಎಂದು ಅವರು ಎಲ್ಲರೆದುರು ಗದರಿದರು. ಆಕೆ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿ ತೊಳೆದ ಟ್ಯೂಬನ್ನೇ ಮತ್ತೆ ತೊಳೆಯುತ್ತಿದ್ದೆ.

"ಸೂಜಿ ಅಂದ್ರೆ ಹೆದ್ರಿಕೆ ಆತು ಸಾಮಿ" ಅಂದಳು.

ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟಳು. ಅವತ್ತೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೋ ಏನೋ... ಡಾಕ್ಟರೂ ಈಗಿಲ್ಲ. ನಿಜ ಹೇಳಬೇಕಾಗಿದ್ದು ಅವರಿಗೆ, ಹೇಳಲಿಲ್ಲ.

ಈಗ ನನಗೂ ಸಕ್ಕರೆ ಕಾಯಿಲೆ. ಮೂತ್ರಪಿಂಡ ಹೇಗಿದೆಯೆಂದು ತಿಳಿಯಲು ಮೂರು ತಿಂಗಳಿಗೊಮ್ಮೆ ತಪ್ಪದೆ ರಕ್ತದ ಕ್ರಿಯಾಟಿನಿನ್ ನೋಡಿಸುತ್ತೇನೆ. ಲ್ಯಾಬಿನ ಹುಡುಗಿ ಸೂಜಿ ಹಿಡಿದಾಗಲೆಲ್ಲ ಆ ಮುಚ್ಚಿದ ಕಣ್ಣು ಎದುರಿಗೆ ಬರುತ್ತದೆ.

ಸಂಜೆ ಕಂಬಳಿ ಮಡಚುತ್ತಾ ಸೊಸೆ ಮತ್ತೆ ಕೇಳಿದಳು. ಈ ಸಲ ಪೇಪರ್ ಕೆಳಗಿಟ್ಟೆ.

"ರಕ್ತ ಕೊಡಾಕೆ ತೋಳು ಚಾಚಿದ್ಲಮ್ಮ ಆಕೆ" ಅಂದೆ. "ಬ್ಯಾಡ ಅಂದೋನು ನಾನು."