ಆಟ ಮುಗಿದ ಮೇಲೆ ಬಂದ ಒನ್ಸ್ ಮೋರ್

ಇದನ್ನು ಕಟ್ಟುಕಥೆ ಎನ್ನುವವರು ಒಮ್ಮೆ ನಮ್ಮ ಅಂಗಡಿಗೆ ಬಂದು ನನ್ನ ಗಂಟಲು ಕೇಳಲಿ. ಈ ಒಡಕು ದನಿ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೆರಡು ವರ್ಷ ತುಂಬುವವರೆಗೆ ನಾನು ಬಾಯಿ ತೆರೆದು ಹಾಡಿದರೆ ಬಾವಿಯಲ್ಲಿ ನೀರು ಸೇದುವವರು ಹಗ್ಗ ಹಿಡಿದುಕೊಂಡು ಹಾಗೇ ನಿಲ್ಲುತ್ತಿದ್ದರು. ಆ ದನಿ ಹಿರಿಯೂರಿನಲ್ಲಿ ಒಂದೇ ರಾತ್ರಿಗೆ ಹೋಯಿತು. ಕೇಳಿದವರಿಗೆಲ್ಲ ಶೀತ ಆಗಿತ್ತು ಎಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಈಗ ಅದೂ ಸಾಕಾಗಿದೆ.

ಆಗ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟಿ ಮುಗಿದು ಎರಡೋ ಮೂರೋ ವರ್ಷವಾಗಿತ್ತು. ನಾನು ಒಂದು ನಾಟಕ ಕಂಪನಿಯಲ್ಲಿದ್ದೆ. ಇದ್ದೆ ಅಂದರೆ ಏನು, ಭರ್ಜಿ ಹಿಡಿದು ನಿಂತಿದ್ದೆ ಅಷ್ಟೇ.

ನಮ್ಮದು ಹೊಸದುರ್ಗದ ಕಡೆ, ಹಾಲುರಾಮೇಶ್ವರದ ಹತ್ತಿರದ ಒಂದು ಹಳ್ಳಿ. ಅಪ್ಪನಿಗೆ ಬಟ್ಟೆ ವ್ಯಾಪಾರ. ಲಿಂಗ ಕಟ್ಟಿಕೊಂಡವನು ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿಯುವುದೇ ಎಂದು ಅಪ್ಪ ಮಾತು ಬಿಟ್ಟಿದ್ದರು. ನಾನು ರಾಜಪಾರ್ಟು ಆಗಿಯೇ ಊರಿಗೆ ಬರುವುದು ಎಂದು ಹೇಳಿ ಹೊರಟಿದ್ದೆ. ರಾಜಪಾರ್ಟು ಎಂದರೆ ಕಂಪನಿಯ ಮುಖ್ಯ ಪಾತ್ರ, ಕಿರೀಟದ ಪಾತ್ರ. ಮೂರು ವರ್ಷ ಕಳೆದರೂ ನನ್ನ ಪಾಲಿಗೆ ಬಂದದ್ದು ಕಾವಲುಗಾರನ ವೇಷ, ಪರದೆ ಎಳೆಯುವ ಹಗ್ಗ, ಬೆಳಿಗ್ಗೆ ಎದ್ದು ಮಾಲೀಕರ ಸ್ನಾನಕ್ಕೆ ನೀರು ಕಾಯಿಸುವ ಕೆಲಸ. ಎಲ್ಲ ಪಾತ್ರಗಳ ಮಾತೂ ಬಾಯಿಪಾಠ ಇತ್ತು. ಯಾರಿಗೆ ಬೇಕಾಗಿತ್ತು?

ಹೊಳಲ್ಕೆರೆಯಲ್ಲಿ ಕ್ಯಾಂಪು ಇದ್ದಾಗ ಅಣ್ಣ ಗುರುಶಾಂತಪ್ಪ ಹೇಳಿ ಕಳಿಸಿದ. ಹಿರಿಯೂರಿನ ಕೊನೆಯ ಆಟಕ್ಕೆ ಗಾಡಿ ಕಟ್ಟಿಕೊಂಡು ಬರುತ್ತೇನೆ, ಅವತ್ತು ನೀನು ದೊಡ್ಡ ಪಾರ್ಟು ಮಾಡಿದರೆ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ, ಭರ್ಜಿ ಹಿಡಿದು ನಿಂತಿದ್ದರೆ ಸುಮ್ಮನೆ ಗಾಡಿ ಹತ್ತು ಎಂದು. ಅಣ್ಣ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ಹಿರಿಯೂರಿಗೆ ಬಂದ ಮೇಲೆ ಅದೃಷ್ಟ ನನ್ನ ಕಡೆ ತಿರುಗಿದ ಹಾಗೆ ಕಂಡಿತು. ನಮ್ಮ ರಾಜಪಾರ್ಟಿನ ಚನ್ನಬಸಪ್ಪನವರ ಗಂಟಲು ಕಟ್ಟಿತು. ಕೊನೆಯ ಆಟಕ್ಕೆ ಮುಂಚಿನ ದಿನ ಮಾಲೀಕರು ನನ್ನನ್ನು ಕರೆದರು.

"ಮಾಲಿಂಗ, ಇವತ್ತು ಅವರ ಕೈಲಿ ಆಗಾಂಗಿಲ್ಲ. ನೀನೇ ವೇಷ ಕಟ್ಟು. ಹಾಡು ಬರ್ತಾವಲ್ಲ?"

"ಬರ್ತಾವ್ರಿ," ಎಂದೆ.

ಸಂಜೆ ಆರಕ್ಕೇ ಕನ್ನಡಿ ಮುಂದೆ ಕೂತೆ. ಅರದಾಳದ ಹಳದಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದೆ, ಹುಬ್ಬು ತೀಡಿದೆ, ಮೀಸೆ ಅಂಟಿಸಿದೆ. ಕಿರೀಟ ತಲೆಗಿಟ್ಟಾಗ ಕಣ್ಣಲ್ಲಿ ನೀರು ಬಂತು, ಬಣ್ಣ ಕೆಡುತ್ತದೆಂದು ತಡೆದುಕೊಂಡೆ.

ಮೊದಲ ಗಂಟೆ ಹೊಡೆಯಿತು. ಆಗ ಒಳಗೆ ಬಂದರು ಚನ್ನಬಸಪ್ಪನವರು. ಕುತ್ತಿಗೆಗೆ ಉಣ್ಣೆಯ ಮಫ್ಲರು ಸುತ್ತಿಕೊಂಡಿದ್ದರು. ನನ್ನ ತಲೆಯ ಮೇಲಿಂದ ಕಿರೀಟ ಎತ್ತಿಕೊಂಡರು.

"ಜನ ಟಿಕೀಟು ತಗಂಡಿರೋದು ನನ್ನ ನೋಡಾಕೆ ಕಣಪ್ಪ," ಎಂದರು, ಸಮಾಧಾನದಿಂದಲೇ.

ಮಾಲೀಕರು ಬೇರೆ ಕಡೆ ನೋಡಿದರು. "ಹೋಗ್ಲಿ ಬಿಡು. ನೀನು ಭರ್ಜಿ ತಗ," ಎಂದರು.

ನಾನು ತೆಗೆದುಕೊಳ್ಳಲಿಲ್ಲ. ನಾನು ತಪ್ಪು ಮಾಡಿದ್ದು ಇಲ್ಲೇ. ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು, ಒಮ್ಮೆ ಬಣ್ಣ ಹಚ್ಚಿದ ಮುಖವನ್ನು ರಂಗಕ್ಕೆ ತೋರಿಸದೆ ತೊಳೆಯಬಾರದು. ಹೀಗೆ ಪಾತ್ರ ತಪ್ಪಿದವರು ಗುಂಪಿನಲ್ಲಿ ಸುಮ್ಮನೆ ಒಂದು ಸಲ ದಾಟಿ ಹೋಗಿಬಿಡುತ್ತಿದ್ದರು, ಲೆಕ್ಕ ಚುಕ್ತಾ ಆಗುತ್ತಿತ್ತು. ನಾನು ರಾಜನ ಬಣ್ಣದಲ್ಲಿ ಕಾವಲುಗಾರನಾಗಿ ನಿಲ್ಲಲಾರೆ ಎಂದು ಹಟ ಹಿಡಿದು ಬಟ್ಟೆ ಪೆಟ್ಟಿಗೆಗಳ ಸಂದಿಯಲ್ಲಿ ಮುದುಡಿ ಕೂತೆ. ಹೊರಗೆ ಚನ್ನಬಸಪ್ಪನವರ ಒಣಗಿದ ದನಿಗೂ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಒನ್ಸ್ ಮೋರ್ ಬಂದರೆ ನಟ ಆ ಹಾಡನ್ನು ಮತ್ತೆ ಹಾಡಲೇಬೇಕು, ಬೆನ್ನು ತಿರುಗಿಸಿ ಹೋಗುವಂತಿಲ್ಲ. ಅದೂ ಪದ್ಧತಿಯೇ. ಹಲ್ಲು ಕಚ್ಚಿಕೊಂಡು ಎಲ್ಲ ಕೇಳಿಸಿಕೊಂಡೆ.

ಆಟ ಮುಗಿದು, ಜನ ಚದುರಿ, ನಮ್ಮವರು ಉಂಡು ಮಲಗುವ ಹೊತ್ತಿಗೆ ಎರಡು ಗಂಟೆಯ ಮೇಲಾಗಿತ್ತು. ನಾನು ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಬಣ್ಣ ತೆಗೆಯಲು ಕೂತೆ. ಹಾರ್ಮೋನಿಯಂ ಬಾರಿಸುವ ತಿಪ್ಪೇಸ್ವಾಮಿ ಮೇಷ್ಟ್ರು ನೋಡಿದರು. ಕಂಪನಿಯಲ್ಲಿ ನನ್ನನ್ನು ಮನುಷ್ಯನ ಹಾಗೆ ಕಾಣುತ್ತಿದ್ದವರು ಅವರೊಬ್ಬರೇ.

"ಲೇ ಮಾಲಿಂಗ, ಹಂಗೇ ತೊಳೀಬ್ಯಾಡ. ಒಂದು ಹಾಡು ಹೇಳಿ ಬಾ. ಖಾಲಿ ಇದ್ರೂ ರಂಗ ರಂಗವೇ."

"ಖಾಲಿ ತಟ್ಟಿಗೆ ಹಾಡೋ ಯೋಗ ನನ್ನದು, ಅಲ್ವ್ರಾ?"

"ಮಾತು ಸಾಕು. ಹೋಗಿ ಬಾ," ಎಂದು ಅವರು ಕಂಬಳಿ ಎಳೆದುಕೊಂಡರು.

ಲಾಟೀನು ಹಿಡಿದು ಹೋದೆ. ನಮ್ಮ ಥಿಯೇಟರು ಎಂದರೆ ಮೇಲೆ ತಗಡು, ಸುತ್ತ ಬಿದಿರಿನ ತಟ್ಟಿ, ಜನ ಕೂರಲು ಹೊಳೆಯ ಮರಳು ಹಾಸಿದ ನೆಲ. ಗ್ಯಾಸ್‌ಲೈಟು ಆರಿಸಿ ಬಹಳ ಹೊತ್ತಾಗಿತ್ತು, ಅದರ ಕಮಟು ವಾಸನೆ ಮಾತ್ರ ಇನ್ನೂ ಉಳಿದಿತ್ತು. ಲಾಟೀನನ್ನು ರಂಗದ ಅಂಚಿಗೆ ಇಟ್ಟೆ. ಬೆಳಕು ಒಂದೆರಡು ಮಾರು ಹೋಗಿ ನಿಲ್ಲುತ್ತಿತ್ತು. ಅದರಾಚೆ ಪೂರ್ತಿ ಕತ್ತಲು.

ರಾಜ ಕಾಡಿಗೆ ಹೊರಡುವ ಮುನ್ನ ಹಾಡುವ ಹಾಡನ್ನು ಎತ್ತಿಕೊಂಡೆ. ಸಿಟ್ಟಿನಿಂದ ಶುರು ಮಾಡಿದೆ, ಎರಡನೆಯ ಸಾಲಿಗೆ ಸಿಟ್ಟು ಮರೆತೆ. ಮೂರು ವರ್ಷ ಒಳಗೇ ಹಾಡಿಕೊಂಡದ್ದೆಲ್ಲ ಹೊರಗೆ ಬಂತು. ಮುಗಿಸಿ, ಅಭ್ಯಾಸದಂತೆ ಕೈ ಮುಗಿದೆ.

"ಒನ್ಸ್ ಮೋರ್..."

ಹಿಂದಿನ ಮೂಲೆಯಿಂದ ಬಂತು. ಕೂಗಲ್ಲ. ಪಕ್ಕದವರಿಗೆ ಎಚ್ಚರವಾಗಬಾರದು ಎನ್ನುವಷ್ಟು ಮೆತ್ತಗೆ.

ಯಾರೋ ನಮ್ಮವರೇ ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ. ಮಾಡಿದರೆ ಮಾಡಲಿ... ನನ್ನ ಜೀವಮಾನದ ಮೊದಲ ಒನ್ಸ್ ಮೋರ್ ಅದು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಮತ್ತೆ ಹಾಡಿದೆ, ಮೊದಲಿಗಿಂತ ಚೆನ್ನಾಗಿ.

ಮುಗಿಯುವ ಹೊತ್ತಿಗೆ ಮರಳಿನ ಮೇಲೆ ಯಾರೋ ಕೂತ ಸದ್ದು. ಪಕ್ಕದಲ್ಲಿ ಇನ್ನೊಬ್ಬರು. ಬಳೆಗಳ ಕಿಣಿಕಿಣಿ. ಕಡಲೆಕಾಯಿ ಸಿಪ್ಪೆ ಒಡೆಯುವ ಪಟ್... ಪಟ್... ಒಂದು ಮಗು ಅಳಲು ಹೊರಟಿತು, ಯಾರೋ ಶ್ ಎಂದರು.

"ಒನ್ಸ್ ಮೋರ್." ಈ ಸಲ ನಾಲ್ಕೈದು ದನಿ. ಆಮೇಲೆ ಚಪ್ಪಾಳೆ.

ಲಾಟೀನು ಎತ್ತಿ ಹಿಡಿದೆ. ಬೆಳಕು ಬಿದ್ದಷ್ಟು ದೂರ ಬರೀ ಮರಳು, ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಆಟ ಮುಗಿದ ಮೇಲೆ ಮರಳಿಗೆ ಹಲ್ಲಿನ ಹಲುಬೆ ಎಳೆದು ಸಮ ಮಾಡಿ ಮಲಗುವುದು ಕೂಡ ನನ್ನದೇ ಕೆಲಸವಾಗಿತ್ತು. ಅವತ್ತೂ ಮಾಡಿದ್ದೆ. ಸದ್ದು ಮಾತ್ರ ಬೆಳಕಿನ ಆಚೆಯಿಂದ ಬರುತ್ತಲೇ ಇತ್ತು. ಜೊತೆಗೆ ವಾಸನೆ... ಒದ್ದೆ ಕಂಬಳಿ, ಹೊಗೆಸೊಪ್ಪು, ಎಣ್ಣೆ ಹಚ್ಚಿದ ತಲೆ. ತುಂಬಿದ ಥಿಯೇಟರಿನ ವಾಸನೆ ನನಗೆ ಗೊತ್ತಿಲ್ಲವೇ?

"ಯಾರ್ರೀ ಅದು?" ಎಂದೆ.

ಸಿಪ್ಪೆ ಒಡೆಯುವ ಸದ್ದು ನಿಂತಿತು. ಅಷ್ಟೂ ಜನ ಉಸಿರು ಬಿಗಿಹಿಡಿದು ಕಾಯುತ್ತಿರುವುದು ಕೇಳಿಸಿತು. ಪರದೆಯ ಕಡೆ ಒಂದು ಹೆಜ್ಜೆ ಹಿಂದಿಟ್ಟೆ.

"ಒನ್ಸ್ ಮೋರ್..." ಈ ಸಲ ಹತ್ತಿರದಿಂದ. ಬೆಳಕಿನ ಅಂಚಿನಿಂದ.

ಹಾಡಿದೆ. ಬೇರೆ ಏನು ಮಾಡಬೇಕಿತ್ತು? ಹಾಡುವಷ್ಟು ಹೊತ್ತು ಅವರು ಇದ್ದಲ್ಲೇ ಇರುತ್ತಿದ್ದರು. ನಿಲ್ಲಿಸಿ ಹಿಂದೆ ಸರಿದರೆ ದನಿ ಇನ್ನಷ್ಟು ಹತ್ತಿರ ಬರುತ್ತಿತ್ತು. ಕಡೆಕಡೆಗೆ ನನ್ನ ಪಾದದ ಹತ್ತಿರ, ರಂಗದ ಹಲಗೆಗೆ ಯಾರೋ ಗದ್ದ ಊರಿಕೊಂಡು ಕೂತು ಕೇಳುತ್ತಿರುವ ಹಾಗೆ, ಬಿಸಿ ಉಸಿರು ತಾಗಿತು. ಕೆಳಗೆ ನೋಡಲಿಲ್ಲ. ಎಷ್ಟು ಸಲ ಹಾಡಿದೆನೋ ಎಣಿಸಲಿಲ್ಲ. ದನಿ ಒಡೆಯಿತು, ಆಮೇಲೆ ಗುಸುಗುಸುವಾಯಿತು, ಆಮೇಲೆ ಬರೀ ಗಾಳಿ. ಅದಕ್ಕೂ ಚಪ್ಪಾಳೆ ಹೊಡೆದರು.

ಇಲ್ಲಿ ನಾಚಿಕೆಯ ಒಂದು ಮಾತು ಹೇಳಿಬಿಡುತ್ತೇನೆ. ಅಷ್ಟು ಹೆದರಿಕೆಯಲ್ಲೂ ಪ್ರತಿ ಚಪ್ಪಾಳೆಗೂ ನನ್ನ ಮೈ ಉಬ್ಬುತ್ತಿತ್ತು.

ಅದು ಹೇಗೆ ನಿಂತಿತೋ, ಕೋಳಿ ಕೂಗಿತೋ, ಯಾರಾದರೂ ಬಂದರೋ ನೆನಪಿಲ್ಲ. ಕಣ್ಣು ಬಿಟ್ಟಾಗ ತಟ್ಟಿಯ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ನಾನು ರಂಗದ ಮೇಲೆ ಮಲಗಿದ್ದೆ. ಮೇಷ್ಟ್ರು ಚೊಂಬು ಹಿಡಿದು ನಿಂತಿದ್ದರು.

"ಇಲ್ಲೇ ಬಿದ್ಕಂಡಿಯಲ್ಲಲೇ. ಹಾಡಿದೆಯಾ, ಇಲ್ವಾ? ನಂಗೇನೂ ಕೇಳಿಸ್ಲಿಲ್ಲ."

ಉತ್ತರ ಹೇಳಲು ಬಾಯಿ ತೆರೆದೆ. ದನಿ ಬರಲಿಲ್ಲ.

ಬಣ್ಣ ತೊಳೆದುಕೊಂಡು ಬರುವಷ್ಟರಲ್ಲಿ ಮಾಲೀಕರು ಕೂಗಿದರು. ಚನ್ನಬಸಪ್ಪನವರಿಗೆ ರಾತ್ರಿಯಿಂದ ಜ್ವರ ಏರಿ ಮಾತೇ ನಿಂತುಹೋಗಿತ್ತು. ಹಾಸಿಗೆಯಿಂದ ಏಳುವ ಸ್ಥಿತಿಯಲ್ಲಿರಲಿಲ್ಲ.

"ಇವತ್ತು ಕೊನೇ ಆಟ, ಯಾರೂ ಅಡ್ಡ ಬರಾಂಗಿಲ್ಲ. ಕಿರೀಟ ನಿಂದು. ಎಲ್ಲಿ, ಒಂದು ಹಾಡು ಹೇಳು ನೋಡಾಣ."

ಹೇಳಿದೆ. ತುಕ್ಕು ಹಿಡಿದ ಬಾಗಿಲು ತಿರುಗಿದಂಥ ಸದ್ದು ಬಂತು.

ಮಾಲೀಕರು ನನ್ನ ಮುಖವನ್ನೇ ನೋಡಿದರು. "ನಿನ್ನೆ ಪಾರ್ಟು ಕಿತ್ಕಂಡಿದ್ದಕ್ಕೆ ಇವತ್ತು ಸೇಡು ತೀರಿಸ್ಕಂತೀಯಾ?"

ಅಲ್ಲ ಎಂದು ಕೈ ಮುಗಿದೆ, ಗಂಟಲು ತೋರಿಸಿದೆ, ಅತ್ತೆ. ನಡೆದದ್ದನ್ನು ಹೇಳಲು ದನಿಯೇ ಇರಲಿಲ್ಲ, ಇದ್ದಿದ್ದರೂ ಏನೆಂದು ಹೇಳುವುದು? ಮೂರು ತಿಂಗಳ ಹಿಂದೆ ಸೇರಿದ ಹೊಸಬನನ್ನು ಕರೆದು ಅವನ ತಲೆಗೆ ಕಿರೀಟ ಇಟ್ಟರು. ಅವನಿಗೆ ಶ್ರುತಿ ಯಾವುದು, ತಾಳ ಯಾವುದು ಎಂದು ಗೊತ್ತಿರಲಿಲ್ಲ. ಆಮೇಲೆ ಅವನು ದೊಡ್ಡ ಹೆಸರು ಮಾಡಿದ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಣ್ಣ ಹೊರಗೆ ಹುಣಸೆಮರದ ಕೆಳಗೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಬೈಯಲಿಲ್ಲ. "ಆಟ ನೋಡಾದು ಬ್ಯಾಡ. ಹೋಗಾಣ ನಡಿ," ಎಂದ. ಹೋಗಿ ನನ್ನ ಟ್ರಂಕು ತಾನೇ ಎತ್ತಿಕೊಂಡು ಬಂದ.

ಊರು ದಾಟಿ ಒಂದೆರಡು ಮೈಲಿ ಹೋದೆವು. ಆಮೇಲೆ ಅಣ್ಣ ಎತ್ತಿನ ಹಗ್ಗ ಸಡಿಲ ಬಿಟ್ಟು ಕೇಳಿದ.

"ಅಲ್ಲ ಮಾಲಿಂಗ, ನಿಮ್ಮ ಕಂಪನಿ ಆಟ ಬೆಳತನಕ ನಡೀತೈತಾ?"

ಇಲ್ಲ ಎಂದು ತಲೆಯಾಡಿಸಿದೆ.

"ಮತ್ತೆ ನಿನ್ನೆ? ನಾನು ಬಂದಾಗ ರಾತ್ರಿ ಮೂರು ಹೊಡೆದಿತ್ತು. ಗಾಡಿ ಬಿಟ್ಟು ಮಲಗಾಣ ಅಂದ್ರೆ ಒಳಗೆ ಒಂದೇ ಸಮ ಚಪ್ಪಾಳೆ, ಒನ್ಸ್ ಮೋರು. ನಿದ್ದೇನೇ ಬರ್ಲಿಲ್ಲ."

ಹಾಗಾದರೆ ಅದು ನನ್ನ ಭ್ರಮೆಯಲ್ಲ. ಹೆದರಿಕೆಗಿಂತ ಮೊದಲು ಹೆಮ್ಮೆಯೇ ಬಂತು. ಅಣ್ಣ ಕೇಳಿದ್ದಾನೆ, ಅಪ್ಪನಿಗೆ ಹೇಳುತ್ತಾನೆ. ಎದೆ ಮುಟ್ಟಿಕೊಂಡು, ಅದು ನಾನೇ, ಹಾಡಿದ್ದು ನಾನೇ ಎಂದು ಸನ್ನೆ ಮಾಡಿದೆ.

ಅಣ್ಣ ಹಗ್ಗ ಎಳೆದು ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಹಾಡು ಎಲ್ಲಿತ್ತೋ? ಅದ್ಯಾವ ಹಾಡಿಗೆ ಇಷ್ಟು ಜನ ಬಡ್ಕಂತಾರೆ ಅಂತ ತಟ್ಟಿ ಸಂದಿಯಾಗೆ ಬಗ್ಗಿ ನೋಡ್ದೆ. ಕಾಲಿಡಾಕೆ ಜಾಗ ಇರ್ಲಿಲ್ಲ. ಎಲ್ರೂ ಕಂಬ್ಳಿ ಹೊದ್ದು ಕುಂತಿದ್ರು, ಬೆನ್ನು ಕಾಣ್ತಿದ್ವು." ಅವನು ದನಿ ತಗ್ಗಿಸಿದ. "ರಂಗದ ಮ್ಯಾಲೆ ಒಂದು ಲಾಟೀನು ಉರೀತಿತ್ತು ಅಷ್ಟೇ. ಅಲ್ಲಿ ಯಾರೂ ಇರ್ಲಿಲ್ಲ."

ಅಣ್ಣ ತಮಾಷೆಗೂ ಸುಳ್ಳು ಹೇಳುವ ಮನುಷ್ಯನಲ್ಲ. ಸಾಯುವ ಮುಂಚೆ ಇನ್ನೊಂದು ಸಲ ಕೇಳಿದೆ, ಅದೇ ಮಾತು ಹೇಳಿದ, ಒಂದು ಅಕ್ಷರವೂ ಹೆಚ್ಚು ಕಡಿಮೆ ಇಲ್ಲದೆ. ಮಾರಿಕಣಿವೆಯ ಕಟ್ಟೆ ಕೆಲಸಕ್ಕೆ ಬಂದು ಕಾಯಿಲೆಯಲ್ಲಿ ಹೋದ ಕೂಲಿಯವರು ಮೊದಲು ನಮ್ಮ ಥಿಯೇಟರು ಹಾಕಿದ್ದ ಬಯಲಿನಲ್ಲೇ ಬಿಡಾರ ಹೂಡಿದ್ದರೆಂದು ಯಾರೋ ಹೇಳಿದರು. ಇರಬಹುದು, ನನಗೆ ಗೊತ್ತಿಲ್ಲ. ಅವರು ಯಾರು ಎಂಬುದು ಈಗ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ.

ರಾತ್ರಿ ಅಂಗಡಿ ಮುಚ್ಚಿ ಮಲಗಿದ ಮೇಲೆ ಬೇರೆಯೇ ಒಂದು ಯೋಚನೆ ಬರುತ್ತದೆ. ಅಣ್ಣನ ಕಣ್ಣಿಗೆ ನಾನು ಕಾಣಲಿಲ್ಲ, ಸರಿ. ಪಾದದ ಹತ್ತಿರ ಕೂತು ಕೇಳಿದರಲ್ಲ, ಅವರಿಗಾದರೂ ಕಂಡಿದ್ದೆನೇ... ಅಥವಾ ಅವರು ಚಪ್ಪಾಳೆ ಹೊಡೆದದ್ದು ನನ್ನ ಹಿಂದೆ ನಿಂತಿದ್ದ ಇನ್ಯಾರಿಗೋ? ನಾನು ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಿರಲಿಲ್ಲ.